ಮೂರು ಪೇಟಿ, ಒಂದು ಕ್ಯಾಸಿಯೋ, ನಡುವೆ ಗಿಟಾರು

ನನ್ನ ಗಿಟಾರ್ ಚೀಲದ ಒಳಜೇಬಿನಲ್ಲಿ ಒಂದು ಚೀಟಿ ಇದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದದ್ದು. ಮಡಚಿ ಮಡಚಿ ನಡುವಿನ ಗೆರೆ ಸವೆದುಹೋಗಿ ಈಗ ಸೆಲೋಟೇಪಿನ ಆಸರೆಯಲ್ಲಿ ಬದುಕಿದೆ. ಅದರಲ್ಲಿರುವುದು ಇಷ್ಟೇ: ಹಾನಗಲ್ 442. ಶಿಗ್ಗಾಂವಿ 440. ಸವಣೂರು 438. ಹಿರೇಕೆರೂರು – ಕಿವಿ.

ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತವರು ಇಣುಕಿ ನೋಡಿ, ‘ಏನ್ರೀ, ಗ್ವಾಂಜೋಳದ ರೇಟೇನು?’ ಎಂದು ಕೇಳಿದರು. ಆ ರೇಟಿಗೆ ಗೋವಿನಜೋಳ ಮಾರಿದ ರೈತ ಮನೆಗೆ ಯಾವ ಮುಖ ಹೊತ್ತು ಹೋದಾನು! ಅಲ್ಲರೀ, ಇವು ಪೇಟಿಯ ಸೂರು ಎಂದೆ. ಅವರಿಗೆ ಅದು ಇನ್ನೂ ವಿಚಿತ್ರವಾಗಿ ಕಂಡಿರಬೇಕು. ಗಿಟಾರಿನ ಚೀಲದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಕಿಟಕಿಯತ್ತ ತಿರುಗಿದರು.

ವಾರದಲ್ಲಿ ಆರು ದಿನ ಹಾವೇರಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. ರವಿವಾರ ಬೆಳಿಗ್ಗೆ ಗಿಟಾರು ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ. ಒಂದು ರವಿವಾರ ಹಾನಗಲ್, ಇನ್ನೊಂದು ಶಿಗ್ಗಾಂವಿ, ಮತ್ತೊಂದು ಸವಣೂರು, ಕೊನೆಯದು ಹಿರೇಕೆರೂರು. ನಾಲ್ಕೂ ಕಡೆ ಇರುವುದು ದೊಡ್ಡ ಗೋಪುರದ ಚರ್ಚುಗಳಲ್ಲ. ತಗಡಿನ ಮಾಡಿನ ಪ್ರಾರ್ಥನಾ ಮನೆಗಳು, ಐವತ್ತು ಅರವತ್ತು ಮಂದಿಯ ಸಭೆ, ನೆಲಕ್ಕೆ ಜಮಖಾನೆ, ಹಿಂದೆ ಕೆಲವು ಪ್ಲಾಸ್ಟಿಕ್ ಕುರ್ಚಿ. ವಾದ್ಯವೆಂದರೆ ಒಂದು ಪೇಟಿ, ಒಂದು ಢೋಲಕ್ ಅಥವಾ ತಬಲಾ, ಹೆಂಗಸರ ಕೈಯಲ್ಲಿ ದಮ್ಮಡಿ. ನಮ್ಮ ಕಡೆ ಹಾರ್ಮೋನಿಯಂ ಅನ್ನುವವರು ಕಡಿಮೆ. ಪೇಟಿ ಎಂದರೇ ತಿಳಿಯುವುದು. ಶಿಗ್ಗಾಂವಿಯಲ್ಲಿ ಮಾತ್ರ ಪೇಟಿ ಹೋಗಿ ಕೀಬೋರ್ಡ್ ಬಂದಿದೆ. ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ‘ಕ್ಯಾಸಿಯೋ’. ಚೀಟಿಯಲ್ಲಿ ಶಿಗ್ಗಾಂವಿಯ ಮುಂದೆ 440 ಎಂದು ಕೂತಿರುವುದು ಅದಕ್ಕೇ.

440 ಎಂದರೆ ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ. ಪೇಟಿಯ ಲೆಕ್ಕದಲ್ಲಿ ನಡುವಿನ ಸಪ್ತಕದ ಬಿಳಿ ಆರು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ್ದ ಸಮ್ಮೇಳನವೊಂದು ಇದನ್ನೇ ಎಲ್ಲರೂ ಹಿಡಿಯೋಣ ಎಂದು ಒಪ್ಪಿತು. 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಮುದ್ರೆ ಒತ್ತಿತು. ಕೀಬೋರ್ಡು, ಮೊಬೈಲಿನ ಆ್ಯಪ್, ಗಿಟಾರಿನ ಟ್ಯೂನರ್ ಎಲ್ಲವೂ ಆ ಠರಾವಿಗೆ ತಲೆಬಾಗಿವೆ. ನಮ್ಮ ಪೇಟಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಪೇಟಿಯನ್ನು ಕೂತಲ್ಲೇ ಶ್ರುತಿ ಮಾಡಲಾಗದು. ಒಳಗಿನ ಹಿತ್ತಾಳೆಯ ರೀಡನ್ನು ಅರದಿಂದ ಉಜ್ಜಬೇಕು: ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ತುದಿಗೆ ಧೂಳು ಕೂತರೂ ಇಳಿಯುತ್ತದೆ. ಆರಾಧನೆ ಶುರುವಾಗಲು ಹತ್ತು ನಿಮಿಷ ಇರುವಾಗ ಯಾರು ಪೆಟ್ಟಿಗೆ ಬಿಚ್ಚುತ್ತಾರೆ? ಹೀಗಾಗಿ ಬಗ್ಗಬೇಕಾದದ್ದು ಗಿಟಾರು. ಬಗ್ಗಲು ಅದಕ್ಕೆ ಆರು ಕಿವಿಗಳಿವೆ, ತಿರುವಬಹುದು. ಈ ಸರಳ ಸಂಗತಿ ನನ್ನ ತಲೆಗೆ ಇಳಿಯಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಾನು ನುಡಿಸಿದ್ದನ್ನೆಲ್ಲ ಸಭೆ ಸಹಿಸಿಕೊಂಡಿತು. ತಾಳ್ಮೆ ಅವರ ಧರ್ಮದಲ್ಲೇ ಇದೆ, ನನ್ನ ಪುಣ್ಯ.

ಶುರುವಿನಲ್ಲಿ ನನಗೆ ಯೂಟ್ಯೂಬೇ ಗುರು. ಅಲ್ಲಿ ಆರಾಧನೆಯ ಗಿಟಾರ್ ಎಂದರೆ ಸಿಡ್ನಿಯ ಹಿಲ್‌ಸಾಂಗ್ ಮಾದರಿ. 1983ರಲ್ಲಿ ಹುಟ್ಟಿದ ಆ ಚರ್ಚಿನ ಹಾಡುಗಳು ಇವತ್ತು ಬೆಂಗಳೂರಿನಿಂದ ಬ್ರೆಜಿಲ್‌ವರೆಗೆ ಕೇಳುತ್ತವೆ. ಮಬ್ಬು ಬೆಳಕು, ಹೊಗೆ, ಕಾಲಡಿಗೆ ಚಾಪೆಯಷ್ಟಗಲ ಪೆಡಲುಗಳ ಹಲಗೆ, ಒಂದು ತಂತಿ ಮೀಟಿದರೆ ಹತ್ತು ಸಲ ಮರಳಿ ಕೇಳುವ ಡಿಲೇ. ಐರ್ಲೆಂಡಿನ ಯು2 ತಂಡದ ಎಡ್ಜ್ ರೂಢಿಗೆ ತಂದ ನಾದ ಅದು. ಮುಕ್ಕಾಲು ಮಾತ್ರೆಗೊಮ್ಮೆ ಪ್ರತಿಧ್ವನಿ. ನಿಮಿಷಕ್ಕೆ 72 ಮಾತ್ರೆಯ ಹಾಡಾದರೆ ಡಿಲೇಯನ್ನು 625 ಮಿಲಿಸೆಕೆಂಡಿಗೆ ಇಡಬೇಕು. ಲೆಕ್ಕಪತ್ರದವನಲ್ಲವೇ, ಈ ಗಣಿತ ಬಹಳ ಹಿಡಿಸಿತು. ಎಲ್ಲ ಲಯಕ್ಕೂ ಕೋಷ್ಟಕ ಮಾಡಿ ಬಾಯಿಪಾಠ ಮಾಡಿದೆ.

ಮೊದಲ ರವಿವಾರ ಹಾನಗಲ್ಲಿನಲ್ಲಿ ಢೋಲಕ್ಕಿನ ಹುಡುಗ ದಾದ್ರಾ ಶುರು ಮಾಡಿದ. ಆರು ಮಾತ್ರೆಯ, ತೊಟ್ಟಿಲು ತೂಗುವ ನಡೆ. ಅದರ ಮೇಲೆ ನನ್ನ ಮುಕ್ಕಾಲು ಮಾತ್ರೆಯ ಪ್ರತಿಧ್ವನಿ ಬಿದ್ದದ್ದು, ನಡೆಯುವವನ ಧೋತರದ ತುದಿ ತುಳಿದಂತೆ ಆಯಿತು. ಹುಡುಗ ಎರಡು ಸಲ ತಪ್ಪಿದ, ಮೂರನೆಯ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ‘ಅಣ್ಣಾ, ನೀವು ಒಮ್ಮೆ ಬಾರಿಸ್ರಿ ಸಾಕು. ಅದು ಮತ್ತ ಮತ್ತ ಬಾರಸ್ತೈತಿ.’ ಅಂದಿನಿಂದ ಡಿಲೇ ಪೆಡಲು ಚೀಲದಲ್ಲೇ ಪ್ರಯಾಣ ಮಾಡುತ್ತದೆ. ನಿಧಾನದ ಪ್ರಾರ್ಥನೆಯ ಹೊತ್ತಿಗೆ, ಢೋಲಕ್ ಸುಮ್ಮನಿದ್ದಾಗ, ಪೂರ್ತಿ ಮಾತ್ರೆಗೆ ಒಂದೇ ಪ್ರತಿಧ್ವನಿ ಇಟ್ಟು ಹೊರಗೆ ತೆಗೆಯುವುದುಂಟು.

ಪೆಡಲಿಗಿಂತ ಮುಖ್ಯವಾದ ಸಾಮಾನು ನನ್ನ ಚೀಲದಲ್ಲಿ ಬೇರೆ ಇವೆ. ಮೊದಲನೆಯದು ಚಿಲ್ಲರೆ ಕಾಸಿಗೆ ಸಿಗುವ ಕರೆಂಟಿನ ಟೆಸ್ಟರ್. ಯಾವ ವಿಡಿಯೋದಲ್ಲೂ ಯಾರೂ ತೋರಿಸದ ವಸ್ತು. ಇದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ವಿದ್ಯುತ್ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಎಂಟು ಸಾವಿರ ಸುತ್ತಿನ ಆಸುಪಾಸು. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ; ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟರೆ ನಾದ. ಆದರೆ ಆ ಸುರುಳಿಗೆ ತಂತಿ ಯಾವುದು, ಗೋಡೆಯಲ್ಲಿ ಹರಿಯುವ ಕರೆಂಟು ಯಾವುದು ಎಂಬ ಭೇದ ಗೊತ್ತಿಲ್ಲ. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ತಗಡಿನ ಮಾಡಿಗೆ ಕಟ್ಟಿದ ವೈರು, ಎಲ್ಲದರ ಗುಂಯ್‌ಗುಡುವಿಕೆಯನ್ನೂ ಅದು ಎತ್ತಿಕೊಳ್ಳುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹೋಗಿಬರುತ್ತದೆ. ಸ್ವರವಾಗಿ ನೋಡಿದರೆ ಅದು ತೀರಾ ಕೆಳಗಿನ ಸಪ್ತಕದ ಬಿಳಿ ಐದಕ್ಕಿಂತ ಕೊಂಚ ಮೇಲೆ. ಅಂದರೆ ಕರೆಂಟು ಕೊಡುವ ಹೆಸ್ಕಾಂಗೂ ಒಂದು ಷಡ್ಜ ಇದೆ, ಮತ್ತು ಅದು ಯಾವ ಪೇಟಿಗೂ ಕೂಡುವುದಿಲ್ಲ. ಅಮೆರಿಕದಲ್ಲಿ ಕರೆಂಟು 60ಕ್ಕೆ ಓಡುವುದರಿಂದ ಅವರ ಗುಂಗುರು ಬೇರೆ ಸ್ವರದ್ದು.

ಇದಕ್ಕೆ ಮದ್ದು ಹುಡುಕಿದವರು ಗಿಬ್ಸನ್ ಕಂಪನಿಯ ಸೇತ್ ಲವರ್. 1955ರಲ್ಲಿ ಅವರು ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟರು. ತಂತಿಯ ನಾದ ಎರಡರಲ್ಲೂ ಕೂಡಿಕೊಳ್ಳುತ್ತದೆ, ಗುಂಗುರು ಒಂದನ್ನೊಂದು ಹೊಡೆದುಹಾಕುತ್ತದೆ. ಹಂಬಕರ್ ಎಂಬ ಹೆಸರೇ ಅಲ್ಲಿಂದ. ಅದರ ಹಿಂದಿನ ವರ್ಷ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನದು ಒಂಟಿ ಸುರುಳಿ; ನಾದ ಗಾಜಿನಂತೆ, ಗುಂಗುರು ಜೀರುಂಡೆಯಂತೆ. ನನ್ನ ಕೈಯಲ್ಲಿರುವುದು ಆ ಮಾದರಿಯ ಅಗ್ಗದ ನಕಲು. ನಮ್ಮ ಕಡೆ ನುಡಿಸುವವರು ಯಾರಾದರೂ ಹೊಸದು ಕೊಳ್ಳುವುದಿದ್ದರೆ ಹಂಬಕರ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ. ಬಣ್ಣ ನೋಡಿ ಮರುಳಾದವನ ಅನುಭವದ ಮಾತು.

ಗುಂಗುರು ಕಿವಿಗಷ್ಟೇ ತೊಂದರೆ. ಅರ್ಥಿಂಗ್ ಇಲ್ಲದ್ದು ಜೀವಕ್ಕೆ. ಗಿಟಾರಿನ ತಂತಿಗಳು ಸೇತುವೆಯ ಮೂಲಕ ಆಂಪ್ಲಿಫೈಯರಿನ ಅರ್ಥ್‌ಗೆ ಕೂಡಿರುತ್ತವೆ. ಅದಕ್ಕೇ ತಂತಿ ಮುಟ್ಟಿದರೆ ಗುಂಗುರು ತಗ್ಗುವುದು. ಆಂಪ್ಲಿಫೈಯರು ಒಂದು ಗೋಡೆಯ ಪ್ಲಗ್ಗಿನಲ್ಲಿ, ಮೈಕಿನ ಮಿಕ್ಸರು ಇನ್ನೊಂದು ಗೋಡೆಯದರಲ್ಲಿ, ಎರಡರಲ್ಲಿ ಒಂದಕ್ಕೆ ಅರ್ಥ್ ಇಲ್ಲವೆಂದರೆ, ಎಡಗೈಯಲ್ಲಿ ತಂತಿ ಹಿಡಿದು ತುಟಿ ಮೈಕಿಗೆ ತಾಗಿಸಿದವನೇ ಎರಡರ ನಡುವಿನ ವೈರು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರಿಗ ಅರ್ಥ್ ಇಲ್ಲದ ಮೈಕು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ನನಗೆ ಒಂದು ಊರಿನಲ್ಲಿ ತುಟಿಗೆ ಬರೀ ಚುರ್ ಎಂದಿತು. ಹಾಡು ನಿಂತಿತು, ನನ್ನ ಬಾಯಿಂದ ಹೊರಟ ಶಬ್ದ ಯಾವ ಗೀತೆಪುಸ್ತಕದಲ್ಲೂ ಇರದಂಥದ್ದು. ನೋಡಿದರೆ ಎಕ್ಸ್‌ಟೆನ್ಷನ್ ಬೋರ್ಡಿನ ವೈರಿನಲ್ಲಿ ಎರಡೇ ಎಳೆ. ಮೂರನೆಯ ತೂತು ಬರೀ ಅಂದಕ್ಕೆ.

ಅಂದಿನಿಂದ ಹೋದ ಕೂಡಲೇ ಟೆಸ್ಟರ್ ತೆಗೆದು ಮೈಕಿನ ಜಾಳಿಗೆಗೆ, ಮಿಕ್ಸರಿನ ಮೈಗೆ, ಗಿಟಾರಿನ ತಂತಿಗೆ ಮುಟ್ಟಿಸುತ್ತೇನೆ. ದೀಪ ಮಿಣುಕಿದರೆ ನುಡಿಸುವುದಿಲ್ಲ. ಮಿಣುಕದಿದ್ದರೂ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕುತ್ತೇನೆ, ಮೂರೆಳೆಯ ಬೋರ್ಡನ್ನು ನಾನೇ ಒಯ್ಯುತ್ತೇನೆ. ಗುಂಗುರು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸುವ ಜಾಣರಿದ್ದಾರೆ. ಗುಂಗುರು ಹೋಗುವುದು ನಿಜ, ಜೊತೆಗೆ ಏನೇನು ಹೋದೀತೆಂದು ಅವರು ಯೋಚಿಸುವುದಿಲ್ಲ. ಸಾಧ್ಯವಿದ್ದ ಸಭೆಗಳಿಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿರಿ ಎಂದು ಹೇಳಿದ್ದೇನೆ. ಎರಡು ಕಡೆ ಕೂಡಿಸಿದ್ದಾರೆ. ಗಿಟಾರು ನುಡಿಸಿ ನಾನು ಮಾಡಿದ ಸೇವೆಗಿಂತ ಇದು ದೊಡ್ಡದೆಂದು ನನ್ನ ಎಣಿಕೆ.

ಇನ್ನು ಕರೆಂಟು ಹೋದಾಗ ಬರುವ ಇನ್ವರ್ಟರಿನ ಪುರಾಣ. ಅಗ್ಗದ ಇನ್ವರ್ಟರು ಕೊಡುವ ಕರೆಂಟಿನ ಅಲೆ ದುಂಡಗಿರುವುದಿಲ್ಲ, ಚೌಕ. ಆ ಮೂಲೆಗಳೆಲ್ಲ ಗಿಟಾರಿನಲ್ಲಿ ಝರ್ ಎಂದು ಕೇಳುತ್ತವೆ. ಪೆಡಲುಗಳನ್ನು 9 ವೋಲ್ಟಿನ ಬ್ಯಾಟರಿಯ ಮೇಲೆ ನಡೆಸಿದರೆ ಅರ್ಧ ಕಾಟ ತಪ್ಪುತ್ತದೆ.

ಮೈಕ್‌ಸೆಟ್ಟಿನ ವಿಷಯಕ್ಕೆ ಬಂದರೆ, ಎರಡು ಕಡೆ ಈಗಲೂ ಭೋಂಗಾ. ತುತೂರಿಯ ಆಕಾರದ, ಜಾತ್ರೆಯಲ್ಲಿ ಮರಕ್ಕೆ ಕಟ್ಟುವ ಅದೇ ಭೋಂಗಾ. ಅದು ಮಾತಿಗೆ ಹುಟ್ಟಿದ್ದು. ಗಿಟಾರಿಗೆಂದೇ ಮಾಡಿದ ಸ್ಪೀಕರು ಸುಮಾರು 5,000 ಹರ್ಟ್ಸಿನ ಮೇಲಿನ ಚೂಪನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಡಿಸ್ಟಾರ್ಷನ್ ಇಂಪಾಗಿ ಕೇಳುವುದರ ಗುಟ್ಟು ಅದು. ಅದೇ ಡಿಸ್ಟಾರ್ಷನ್ನನ್ನು ನೇರ ಮಿಕ್ಸರಿಗೆ ಕೊಟ್ಟು ಭೋಂಗಾದಲ್ಲಿ ಬಿಟ್ಟರೆ ಗಿರಣಿಯಲ್ಲಿ ಒಣಮೆಣಸಿನಕಾಯಿ ಬೀಸಿದ ಹಾಗೆ. ಬ್ಯಾಡಗಿ ಪಕ್ಕದಲ್ಲೇ ಇದ್ದರೂ ರವಿವಾರ ಬೆಳಿಗ್ಗೆ ಅದು ಬೇಡ. ಹಾಗಾಗಿ ಸ್ವಚ್ಛ ನಾದ, ಒಂದು ಡಿಐ ಡಬ್ಬಿ, ಅಷ್ಟೇ. ಗಿಟಾರಿನ ಬಡಕಲು ಸಂಕೇತವನ್ನು ಮಿಕ್ಸರು ಒಪ್ಪುವ ಹದಕ್ಕೆ ತರುವ ಡಬ್ಬಿ ಅದು. ಇಲ್ಲದಿದ್ದರೆ ಕಂಬಳಿಯೊಳಗಿಂದ ಬಾರಿಸಿದಂತೆ ಕೇಳುತ್ತದೆ. ಮಿಕ್ಸರಿನಲ್ಲಿ 120 ಹರ್ಟ್ಸಿನ ಕೆಳಗಿನದನ್ನು ಕತ್ತರಿಸುತ್ತೇನೆ. ಅದು ಢೋಲಕ್ಕಿನ ಎಡಗೈಯ ಜಾಗ, ಅಲ್ಲಿ ನನಗೇನೂ ಕೆಲಸವಿಲ್ಲ.

ಹೊರಗಿನಿಂದ ಬಂದ ವಾದ್ಯ ಎಂದು ಗಿಟಾರನ್ನು ಅನುಮಾನದಿಂದ ನೋಡುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅವರ ಪ್ರಕಾರ ನಮ್ಮ ಜನ ಗಿಟಾರನ್ನು ಮೊದಲು ಕಂಡದ್ದೇ 1981ರ ‘ಗೀತಾ’ ಸಿನಿಮಾದಲ್ಲಿ, ಶಂಕರ್‌ನಾಗ್ ಕೈಯಲ್ಲಿ. ದೇವರ ಮನೆಗೂ ಅದಕ್ಕೂ ಎಲ್ಲಿಯ ನೆಂಟಸ್ತನ? ಅವರ ಮಾತನ್ನು ಅಲ್ಲಗಳೆಯಲು ನನಗೆ ಪೇಟಿಯೇ ಸಾಕು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೈನ್ ಪೇಟೆಂಟು ಪಡೆದ ವಾದ್ಯ ಅದು. ಕಾಲಿನಿಂದ ತಿದಿ ಒತ್ತಿ ನುಡಿಸುವಂಥದ್ದು. ಪಾದ್ರಿಗಳ ಜೊತೆ, ಸಾಹೇಬರ ಜೊತೆ ಹಡಗು ಹತ್ತಿ ಬಂತು. 1870ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಎಡಗೈಯಲ್ಲಿ ತಿದಿ ಒತ್ತುವಂತೆ ಮಾಡಿದರು. ಹಿಂದೂಸ್ತಾನಿ ಪಂಡಿತರಿಗೆ ಮಾತ್ರ ಬಹುಕಾಲ ಅದು ಕಣ್ಣಕಸ: ಮೀಂಡ್ ಬಾರದು, ಶ್ರುತಿಗಳ ಸೂಕ್ಷ್ಮ ತಿಳಿಯದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗೇ ನಿಲ್ಲಿಸಿತು. ಬಾಗಿಲು ತುಸು ತೆರೆದದ್ದು 1971ರಲ್ಲಿ. ಆ ಮೂವತ್ತು ವರ್ಷವೂ ನಮ್ಮ ಕಡೆಯ ಮಠ, ಭಜನಾಮೇಳ, ಕಂಪನಿ ನಾಟಕಗಳಲ್ಲಿ ಅದು ರಾಜನ ಹಾಗೆ ಕೂತೇ ಇತ್ತು.

ಕೂರಿಸಿದವರಲ್ಲಿ ಹಾನಗಲ್ಲಿನವರ ಪಾಲು ದೊಡ್ಡದು. ಹಾನಗಲ್ ಕುಮಾರಸ್ವಾಮಿಗಳು ಕಣ್ಣಿಲ್ಲದ ಹುಡುಗನೊಬ್ಬನ ದನಿ ಕೇಳಿ ಸಂಗೀತ ಕಲಿಸಲು ಏರ್ಪಾಟು ಮಾಡಿದರು. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅದೇ ತಾಲ್ಲೂಕಿನ ದೇವರ ಹೊಸಪೇಟೆಯವರು, 1914ರಲ್ಲಿ ಹುಟ್ಟಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಕಲಿತು ಹೊರಟವರು ಊರೂರಿಗೆ ಸಂಗೀತದ ಮಾಸ್ತರರಾದರು. ನಮ್ಮ ಹಿರೇಕೆರೂರಿನ ಸಭೆಯಲ್ಲಿ ಪೇಟಿ ಹಿಡಿಯುವ ಹಿರಿಯ ಮಾಸ್ತರರು ಹುಡುಗನಾಗಿದ್ದಾಗ ಕಲಿತದ್ದು ಅಂಥ ಒಬ್ಬ ಅಂಧ ಶಿಷ್ಯರ ಹತ್ತಿರ. ಮಠದ ಜಗುಲಿಯಲ್ಲಿ ವಚನಕ್ಕೆ ಕೂಡಿಸಿದ ಬೆರಳು ಈಗ ಯೇಸುವಿನ ಸ್ತುತಿಗೀತೆಗೆ ಓಡುತ್ತದೆ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ದಾಟಿಗಳ ಕಥೆಯೂ ಹೀಗೆಯೇ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಬಂದವರು ಜರ್ಮನ್ ದಾಟಿಗಳನ್ನು ತಂದರು. ಕನ್ನಡದ ಮಾತನ್ನು ಅದರೊಳಗೆ ತುರುಕಿದಾಗ ದೀರ್ಘ ಹ್ರಸ್ವವಾಗಿ, ಹ್ರಸ್ವ ದೀರ್ಘವಾಗಿ ಒದ್ದಾಡಿತು. ನಿಘಂಟಿನ ಕಿಟೆಲ್ಲರು 1853ರಲ್ಲಿ ಬಂದವರು, 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕೂಡಿಸಿ ‘ಕಥಾಮಾಲೆ’ ಬರೆದರು. ಮಾತಿನ ಕಿವಿ ಇದ್ದವರಿಗೆ ಎಲ್ಲಿ ಚುಚ್ಚುತ್ತದೆಂದು ಗೊತ್ತಾಗುತ್ತದೆ. ಕ್ಯಾಥೊಲಿಕ್ ಕಡೆ 1903ರಲ್ಲಿ ಹತ್ತನೆಯ ಪಿಯುಸ್ ಪೋಪರು ಚರ್ಚಿನೊಳಗೆ ಪಿಯಾನೊ, ಡೋಲು ಕೂಡದೆಂದು ಅಪ್ಪಣೆ ಹೊರಡಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಆಯಾ ನಾಡಿನ ಭಾಷೆಗೂ ವಾದ್ಯಕ್ಕೂ ಹಾದಿ ಬಿಟ್ಟಿತು. ಕನ್ನಡ ಬೈಬಲಿನ 150ನೆಯ ಕೀರ್ತನೆಯಲ್ಲಿ ಕಿನ್ನರಿ, ದಮ್ಮಡಿ ಇವೆ. ಅನುವಾದ ಮಾಡಿದವರು ಯಾವುದೋ ಯೆಹೂದಿ ವಾದ್ಯಕ್ಕೆ ದಮ್ಮಡಿ ಎಂಬ ಪದ ಆರಿಸಿದಾಗ ನಮ್ಮ ತತ್ವಪದದವರ ಕೈ ಅವರ ಕಣ್ಣಮುಂದೆ ಇದ್ದಿರಬೇಕು ಎಂದು ನನ್ನ ಊಹೆ.

ತತ್ವಪದ ಎಂದರೆ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹ ಬಿಟ್ಟ ಊರು. ಅವರ ಪದಗಳಿಗೆ ಬೇಕಾದದ್ದು ಏಕತಾರಿ, ದಮ್ಮಡಿ, ತಾಳ. ಸಿ. ಅಶ್ವತ್ಥ್ ಅದಕ್ಕೆ ದೊಡ್ಡ ವಾದ್ಯಮೇಳ ಕೂಡಿಸಿದರು, 1990ರ ನಾಗಾಭರಣರ ಸಿನಿಮಾ ಮನೆಮನೆಗೆ ಒಯ್ದಿತು, ಮುಂದೆ ರಘು ದೀಕ್ಷಿತ್ ಗುಡುಗುಡಿಯ ಪದವನ್ನು ರಾಕ್ ತಂಡದ ಜೊತೆ ಹಾಡಿದರು. ಕೇಳಲು ಎಲ್ಲವೂ ಚೆಂದ. ಆದರೆ ನನಗೆ ಪಾಠವಾದದ್ದು ಏಕತಾರಿ.

ಏಕೆಂದರೆ ಗಿಟಾರ್ ಕಲಿತವನ ಕೈ ತಾನಾಗಿಯೇ ಕಾರ್ಡಿಗೆ ಹೋಗುತ್ತದೆ. ಮೂರು ಸ್ವರದ ಮುಷ್ಟಿ: ಷಡ್ಜ, ಗಾಂಧಾರ, ಪಂಚಮ. ಸವಣೂರಿನಲ್ಲಿ ಹೆಂಗಸರು ಹಾಡುವ ಒಂದು ಸ್ತುತಿಗೀತೆ ದುರ್ಗಾ ರಾಗದ ದಾಟಿಯದು. ದುರ್ಗಾದಲ್ಲಿ ಗಾಂಧಾರವೇ ಇಲ್ಲ, ನಿಷಾದವೂ ಇಲ್ಲ. ನಾನು ಮೇಜರ್ ಕಾರ್ಡು ಹಿಡಿದ ಕೂಡಲೇ ಗಾಂಧಾರ ಕರೆಯದೆ ಬಂದ ಬೀಗನಂತೆ ಪಂಕ್ತಿಯ ನಡುವೆ ಕೂತುಬಿಡುತ್ತದೆ. ಯಾರೂ ಏನೂ ಅನ್ನಲಿಲ್ಲ, ಹಾಡು ಮಾತ್ರ ಸೊರಗಿತು. ತಪ್ಪು ಎಲ್ಲಿದೆ ಎಂದು ತಿಳಿಯಲು ಮನೆಗೆ ಬಂದು ಒಂದೊಂದೇ ತಂತಿ ಬಿಟ್ಟು ನುಡಿಸಿ ನೋಡಬೇಕಾಯಿತು. ಗಾಂಧಾರ ತೆಗೆದು ರಿಷಭ ಇಟ್ಟೆ, ಕೆಲವೆಡೆ ಮಧ್ಯಮ, ಬಹಳ ಕಡೆ ಷಡ್ಜ ಪಂಚಮ ಎರಡೇ. ಆರು ತಂತಿಯ ವಾದ್ಯದಿಂದ ಏಕತಾರಿಯ ಕೆಲಸ. ಸವಣೂರಿನವರಿಗೆ ವೀಳ್ಯದೆಲೆಯ ಲೆಕ್ಕ ಗೊತ್ತು: ಸುಣ್ಣ ಒಂದು ಚೂರು ಹೆಚ್ಚಾದರೂ ಬಾಯಿ ಸುಡುತ್ತದೆ. ಮುಂದಿನ ತಿಂಗಳು ಅದೇ ಗೀತೆ ಮುಗಿದ ಮೇಲೆ ಪಾಸ್ಟರಮ್ಮ, ‘ಇವತ್ತ ಗಿಟಾರ್ ಬಾರಿಸ್ಲಿಲ್ಲೇನು?’ ಎಂದು ಕೇಳಿದರು. ಬಾರಿಸಿದ್ದೆ, ಮೊದಲಿನಿಂದ ಕೊನೆಯವರೆಗೆ.

ಇನ್ನು ಕಾಪೋ, ಆರೂ ತಂತಿಗಳನ್ನು ಒಮ್ಮೆಗೇ ಒತ್ತಿ ಹಿಡಿಯುವ ಕ್ಲಿಪ್ಪು. ಇದಿಲ್ಲದೆ ನಮ್ಮ ಕಡೆ ಗಿಟಾರಿಗೆ ಬದುಕಿಲ್ಲ. ಪುಸ್ತಕದ ಗಿಟಾರು ಸಿ, ಜಿ, ಡಿ, ಇ ಎಂದು ಬಿಳಿ ಮನೆಗಳಲ್ಲಿ ಸುಖವಾಗಿರುತ್ತದೆ. ಪೇಟಿಯವರು ಹೇಳುವುದು ‘ಕರಿ ಒಂದು ಹಿಡಿ’, ‘ಕರಿ ನಾಕು ಹಿಡಿ’. ಅವರ ಗಂಟಲು ಅಲ್ಲಿ ಕೂರುತ್ತದೆ, ಮುಗಿಯಿತು. ಕರಿ ಒಂದಕ್ಕೆ ಮೊದಲ ಮನೆಯಲ್ಲಿ ಕಾಪೋ ಕಚ್ಚಿಸಿ ಸಿ ಆಕಾರ. ಕರಿ ಎರಡಕ್ಕೆ ಅದೇ ಮನೆ, ಡಿ ಆಕಾರ. ಕರಿ ನಾಲ್ಕಕ್ಕೆ ಜಿ. ಒಂದು ಚಿಮಟಾದಂಥ ವಸ್ತುವಿನಿಂದ ಇಡೀ ಸಭೆಯ ಗಂಟಲು ಉಳಿಯುತ್ತದೆ.

ಈಗ ಚೀಟಿಯ ಕೊನೆಯ ಸಾಲು.

ನನ್ನ ಟ್ಯೂನರು 436ರಿಂದ 445ರವರೆಗೆ ಮಾತ್ರ ಒಪ್ಪುತ್ತದೆ. ಹಿರೇಕೆರೂರಿನ ಪೇಟಿ ಅದರಾಚೆ. 445ಕ್ಕೆ ಇಟ್ಟರೂ ದೀಪ ಬಲಕ್ಕೆ ವಾಲುತ್ತದೆ. ಎಷ್ಟು ವಾಲಿತೆಂದು ಅಂದಾಜು ಹಾಕಿ ಆರೂ ತಂತಿಗಳನ್ನು ಎಳೆಯಬಹುದು. ಮೊದಲ ಸಲ ಹಾಗೇ ಮಾಡಿದೆ. ಅಂದಾಜಿನ ಮೇಲೆ ಅಂದಾಜು ಸೇರಿ ಆರು ತಂತಿ ಆರು ಊರಿನ ದಾರಿ ಹಿಡಿದವು. ಪೇಟಿ ಮಾಸ್ತರರು ತಿದಿ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

‘ತಮ್ಮಾ, ಆ ದೀಪದ ಡಬ್ಬಿ ಆರಿಸು.’

‘ಮಾಸ್ತರ್ರ, ನಿಮ್ಮ ಪೇಟಿ ಇದರಾಗ ಬರೂದಿಲ್ರಿ.’

‘ಬರಬೇಕಾಗಿದ್ದು ಅದರಾಗಲ್ಲ. ಕಿವ್ಯಾಗ. ದೀಪ ನೋಡಬ್ಯಾಡ, ಇಲ್ಲಿ ನನ್ನ ಕಡೆ ಕಿವಿ ಕೊಡು.’

ಅವರು ಬಿಳಿ ಆರನ್ನು ಒತ್ತಿ ಹಿಡಿದು, ಎಡಗೈಯಿಂದ ತಿದಿಯನ್ನು ನಿಧಾನ ಆಡಿಸಿದರು. ಒಂದೇ ಸ್ವರ, ಎಳೆ ಕಡಿಯದ ಹಾಗೆ. ನಾನು ಐದನೆಯ ತಂತಿಯ ಮೇಲೆ ಅದೇ ಸ್ವರ ಮೀಟಿದೆ. ಎರಡೂ ಸೇರಿ ಗಾಳಿಯಲ್ಲಿ ಒಂದು ತೂಗಾಟ ಹುಟ್ಟಿತು: ವಾಂವ್, ವಾಂವ್, ವಾಂವ್. ಎರಡು ಸ್ವರಗಳ ನಡುವೆ ಸೆಕೆಂಡಿಗೆ ಮೂರು ಕಂಪನದ ಅಂತರವಿದ್ದರೆ ಸೆಕೆಂಡಿಗೆ ಮೂರು ಸಲ ಈ ಅಲೆ ಬರುತ್ತದೆ. ಶಾಲೆಯ ಭೌತಶಾಸ್ತ್ರದಲ್ಲಿ ಓದಿದ್ದೆ, ಕಿವಿಯಿಂದ ಎಂದೂ ಕೇಳಿರಲಿಲ್ಲ. ‘ಏರಸು’ ಎಂದರು. ಕಿವಿ ತಿರುವಿದೆ, ಅಲೆ ಉದ್ದವಾಯಿತು. ‘ಇನ್ನಾ ಒಂದೀಟು.’ ಇನ್ನೂ ಉದ್ದ, ಕೆರೆಯ ಅಲೆ ದಡ ಸೇರುವ ಹಾಗೆ. ‘ಹಾಂ… ಹಾಂ… ಬಿಡು. ಕೂಡಿತು.’ ಅಲೆ ನಿಂತಿತ್ತು. ಪೇಟಿ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಉಳಿದ ಐದು ತಂತಿಗಳನ್ನು ಇದಕ್ಕೆ ಕೂಡಿಸುವಷ್ಟರಲ್ಲಿ ಸಭೆ ತುಂಬಿತ್ತು, ಮಕ್ಕಳು ಜಮಖಾನೆಯ ಅಂಚಿಗೆ ಬಂದು ಕೂತು ನಮ್ಮನ್ನೇ ನೋಡುತ್ತಿದ್ದವು. ಆರಾಧನೆ ಕಾಲು ಗಂಟೆ ತಡವಾಯಿತು. ಪಾಸ್ಟರು ಗಡಿಯಾರ ನೋಡಿದರು, ಮಾಸ್ತರರು ಅವರ ಕಡೆ ನೋಡಲೇ ಇಲ್ಲ.

ಚೀಟಿಯಲ್ಲಿ ಅಂದೇ ‘ಕಿವಿ’ ಎಂದು ಬರೆದುಕೊಂಡೆ. ಆಮೇಲೆ ಉಳಿದ ಮೂರು ಊರುಗಳಲ್ಲೂ ಟ್ಯೂನರಿನಿಂದ ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯನ್ನು ಕಿವಿಯಿಂದಲೇ ಕೂಡಿಸುವ ರೂಢಿಯಾಯಿತು. ಮಾಸ್ತರರಿಗೆ ಗಿಟಾರಿನ ಮೇಲೆ ಒಂದೇ ಒಂದು ವಿಷಯಕ್ಕೆ ಹೊಟ್ಟೆಕಿಚ್ಚು. ತಂತಿಯನ್ನು ಬೆರಳಿನಿಂದ ಮೇಲಕ್ಕೆಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿದರೆ ಮೀಂಡ್ ಬರುತ್ತದಲ್ಲ, ಅದು. ‘ಅದೊಂದು ನನ್ನ ಪೇಟಿಗೆ ಕೊಡಲಿಲ್ಲ ನೋಡು ದೇವರು’ ಎನ್ನುತ್ತಾರೆ. ಹಾಗೆಂದು ಅದನ್ನು ನಾನು ಹೆಚ್ಚು ಮಾಡಿದರೆ ಅವರ ಹುಬ್ಬು ಏರುತ್ತದೆ.

ಮಳೆಗಾಲದ ಮಾತು ಬಿಟ್ಟುಹೋಗಿತ್ತು. ಹಾನಗಲ್ ಅರೆಮಲೆನಾಡು, ಜುಲೈನಲ್ಲಿ ಹೋಗಿ ಬಂದರೆ ತಂತಿಗೆ ಮೂರೇ ದಿನಕ್ಕೆ ತುಕ್ಕು. ನುಡಿಸಿದ ಕೂಡಲೇ ಒಣಬಟ್ಟೆಯಿಂದ ತಂತಿಯ ಮೇಲೆ ಕೆಳಗೆ ಎರಡೂ ಕಡೆ ಒರೆಸಬೇಕು, ಹತ್ತರ ಗೇಜಿನ ಒಂದು ಜೊತೆ ಸದಾ ಚೀಲದಲ್ಲಿರಬೇಕು. ಹೊಸ ತಂತಿಯನ್ನು ರವಿವಾರ ಬೆಳಿಗ್ಗೆ ಹಾಕಬಾರದು. ಶನಿವಾರ ರಾತ್ರಿ ಹಾಕಿ, ನಾಲ್ಕಾರು ಸಲ ಎಳೆದು ಬಿಟ್ಟು, ಅದರ ಹಟ ಇಳಿಸಿ ಮಲಗಿಸಬೇಕು. ಬಸ್ಸಿನಲ್ಲಿ ಗಿಟಾರನ್ನು ಮೇಲಿನ ಅಟ್ಟದಲ್ಲಿ ಇಡುವುದಿಲ್ಲ, ಮೊಣಕಾಲುಗಳ ನಡುವೆ. ಕಂಡಕ್ಟರು ಕೆಲವರು ಅದಕ್ಕೂ ಅರ್ಧ ಟಿಕೆಟ್ ಕೇಳುತ್ತಾರೆ, ಕೆಲವರು ಒಂದು ಹಾಡು.

ಹೋದ ತಿಂಗಳು ಹಿರೇಕೆರೂರಿಗೆ ಹೋದಾಗ ಮಾಸ್ತರರು ಬಾಗಿಲಲ್ಲೇ ಕಾಯುತ್ತಿದ್ದರು. ಪೇಟಿಯನ್ನು ರಿಪೇರಿಗೆ ಕೊಟ್ಟಿದ್ದರಂತೆ: ತಿದಿ ಹರಿದಿತ್ತು, ಎರಡು ರೀಡು ಮೂಕಾಗಿದ್ದವು. ರಿಪೇರಿ ಮಾಡಿದವನು ಹುರುಪಿನಲ್ಲಿ ಎಲ್ಲ ರೀಡುಗಳನ್ನೂ ಉಜ್ಜಿ ಹೊಸದಾಗಿ ಸೂರಿಗೆ ಹಚ್ಚಿದ್ದ. ನಾನು ಟ್ಯೂನರ್ ತೆಗೆದೆ. ದೀಪ ನಡುವೆ ನಿಂತಿತು. 441.

ಮೊದಲ ಗೀತೆ ಶುರುವಾಯಿತು, ಎಂದಿನಂತೆ ಕರಿ ಎರಡು. ಎರಡು ಸಾಲು ಹಾಡಿದ ಮೇಲೆ ಮುಂದೆ ಕೂತಿದ್ದ ಅಜ್ಜಿ ದಮ್ಮಡಿ ತೊಡೆಯ ಮೇಲಿಟ್ಟು ಕೈ ಎತ್ತಿದರು. ಎಪ್ಪತ್ತೈದರ ಮೇಲಿನ ಜೀವ, ಓದು ಬರಹ ಇಲ್ಲ, ಗೀತೆಗಳೆಲ್ಲ ಬಾಯಿಪಾಠ.

‘ಯಾಕೋ ಮಾಸ್ತರಾ, ಹಾಡು ಕೆಳಗ ಕುಂತೈತಲ್ಲ?’

ಮಾಸ್ತರರು ನನ್ನ ಮುಖ ನೋಡಿದರು, ನಾನು ಅವರದು. ಒಂದು ಮನೆ ಮೇಲೆ ಹೋದರೆ ತೀರಾ ಏರುತ್ತದೆ, ಹೀಗೇ ಬಿಟ್ಟರೆ ಅಜ್ಜಿ ಹಾಡುವುದಿಲ್ಲ. ಬಿಳಿ ಮೂರು ಹಿಡಿದು ನೋಡಿದೆವು. ಅಜ್ಜಿ ಎರಡನೆಯ ಸಾಲಿನಲ್ಲಿ ಕೆಮ್ಮಿದರು. ಮರಳಿ ಕರಿ ಎರಡಕ್ಕೇ ಬಂದು, ಅಜ್ಜಿಗೆ ಮುಂದಿನ ತಿಂಗಳು ಸರಿ ಮಾಡುತ್ತೇವೆಂದು ಹೇಳಿ ಆರಾಧನೆ ಮುಗಿಸಿದೆವು.

ಬಸ್ಸಿನಲ್ಲಿ ಕೂತು ಚೀಟಿ ತೆಗೆದೆ. ‘ಕಿವಿ’ ಎಂಬುದರ ಪಕ್ಕ 441 ಎಂದು ಬರೆದೆ, ಪೆನ್ಸಿಲ್ಲಿನಲ್ಲಿ. ಮಾಸ್ತರರು ಪೇಟಿ ಮತ್ತೆ ಬಿಚ್ಚಿಸುವವರಿದ್ದಾರೆ.